ಭಾಗಮ್ಮನ ಮುಂದೆ ಗಾಡಿ ನಿಲ್ಲಿಸುವವರಲ್ಲಿ ಒಂದು ವಿನಂತಿ

ಅಮಾವಾಸ್ಯೆಗೆ ಕಲಬುರಗಿ ಜಿಲ್ಲೆಯ ಘತ್ತರಗಿಗೆ ಬಂದವರಿಗೆ ಈ ನೋಟ ಹೊಸದಲ್ಲ. ಭೀಮೆಯಲ್ಲಿ ಮಿಂದು, ನಾವು ಭಾಗಮ್ಮ ಎನ್ನುವ ಭಾಗ್ಯವಂತಿ ದೇವಿಯ ದರ್ಶನ ಮುಗಿಸಿ ಹೊರಬಂದರೆ ಸಾಲುಗಟ್ಟಿ ನಿಂತ ಗಾಡಿಗಳು. ಕಲಬುರಗಿಯ ಕೆಎ 32, ವಿಜಯಪುರದ ಕೆಎ 28, ಸೊಲ್ಲಾಪುರದ ಎಂಎಚ್ 13. ನಡುವೆ ಎಲ್ಲೋ ಒಂದು, ಸೀಟಿನ ಪ್ಲಾಸ್ಟಿಕ್ ಕೂಡ ಹರಿಯದ ಹೊಚ್ಚ ಹೊಸ ಕಾರು. ಬಾನೆಟ್ಟಿನ ಮೇಲೆ ಕುಂಕುಮದ ಸ್ವಸ್ತಿಕ, ಮುಂದೆ ಚೆಂಡುಹೂವಿನ ಹಾರ, ನಾಲ್ಕೂ ಗಾಲಿಯ ಕೆಳಗೆ ಒಂದೊಂದು ನಿಂಬೆಹಣ್ಣು. ಮನೆಯ ಹಿರಿಯರು ಕಾಯಿ ಇಳಿದೆಗೆದು ಒಡೆಯುತ್ತಾರೆ. ಹುಡುಗ ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಮೆಲ್ಲಗೆ ಕ್ಲಚ್ ಬಿಡುತ್ತಾನೆ. ಚಟ್ಟನೆ ಹಣ್ಣು ಒಡೆಯುತ್ತದೆ. ಇಪ್ಪತ್ತು ವರ್ಷದಿಂದ ಗಾಡಿಗಳ ಹಿಂದೆ ಬಿದ್ದಿರುವ ನನಗೆ ಆ ಸಪ್ಪಳ ಕೇಳಿದರೆ ಈಗಲೂ ಕಣ್ಣು ಒದ್ದೆಯಾಗುತ್ತದೆ. ತೊಗರಿ ಮಾರಿದ ದುಡ್ಡು, ಬ್ಯಾಂಕಿನ ಸಾಲ, ಪುಣೆಯಲ್ಲಿ ದುಡಿಯುವ ಮಗ ಕಳಿಸಿದ್ದು, ಎಲ್ಲ ಕೂಡಿ ಒಂದು ಮನೆಗೆ ಬಂದ ಮೊದಲ ಕಾರು ಅದು.

ಅಂಥದೇ ಒಂದು ಗಾಡಿಯನ್ನು ನಾಲ್ಕೈದು ವರ್ಷ ಬಿಟ್ಟು ನೋಡಿ. ಹಿಂದಿನ ಗಾಜಿನ ಮೇಲೆ 'ಶ್ರೀ ಭಾಗ್ಯವಂತಿ ಪ್ರಸನ್ನ' ಇನ್ನೂ ಹೊಳೆಯುತ್ತಿರುತ್ತದೆ. ಗಾಡಿಯ ಮೈಗೆ ಪಾಲಿಶ್ ಆಗಿದೆ, ಒಳಗೆ ದೊಡ್ಡ ಸ್ಕ್ರೀನ್ ಕೂತಿದೆ, ಡಿಕ್ಕಿಯಲ್ಲಿ ವೂಫರ್ ಗುಡುಗುತ್ತಿದೆ. ಆದರೆ ಅಂದು ನಿಂಬೆಹಣ್ಣಿನ ಮೇಲೆ ಹಾಯ್ದ ಅದೇ ನಾಲ್ಕು ಟೈರು, ಸವೆದು ಬೋಳಾಗಿ, ಇಂದಿಗೂ ಮನೆಮಂದಿಯನ್ನೆಲ್ಲ ಹೊತ್ತು ಓಡುತ್ತಿವೆ. ನನ್ನ ಮೊದಲ ವಿನಂತಿ ಇದು. ಪೂಜೆಯ ದಿನ ಹಣ್ಣು ಇಡಲು ಗಾಲಿಯ ಮುಂದೆ ಬಗ್ಗುತ್ತೀರಲ್ಲ, ಹಾಗೆ ಪ್ರತಿ ಅಮಾವಾಸ್ಯೆಗೊಮ್ಮೆ ಬಗ್ಗಿ ನೋಡಿ.

ಏನು ನೋಡಬೇಕು? ಟೈರಿನ ಪಕ್ಕೆಯ ಮೇಲಿನ ಬರಹದಲ್ಲಿ ಒಂದು ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಅದು ಟೈರಿನ ಜಾತಕ. ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಮೇಲಿನ ರಬ್ಬರ್ ಸವೆದು ಆ ಉಬ್ಬಿಗೆ ಸಮವಾಯಿತೆಂದರೆ ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದಿದೆ, ಟೈರಿನ ಆಯುಷ್ಯ ಮುಗಿದಿದೆ. ಇನ್ನು ಹವಾ. ಎಷ್ಟು ಹಾಕಬೇಕೆಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದರೆ ಕಾಣುವ ಚೀಟಿಯ ಮೇಲಿದೆ. ಇಬ್ಬರು ಕೂತಾಗ ಒಂದು ಲೆಕ್ಕ, ಗಾಡಿ ತುಂಬಿದಾಗ ಇನ್ನೊಂದು. ನಮ್ಮ ಕಡೆ ಒಂದು ಮಾತಿದೆ: ಬ್ಯಾಸಿಗಿಯಲ್ಲಿ ಹವಾ ಕಾಯ್ದು ಟೈರ್ ಒಡೆಯುತ್ತದೆ, ಅದಕ್ಕೇ ಸ್ವಲ್ಪ ಕಮ್ಮಿ ಇಡಬೇಕು ಅಂತ. ದಯವಿಟ್ಟು ಈ ಮಾತು ನಂಬಬೇಡಿ. ಹವಾ ಕಮ್ಮಿಯಾದಾಗಲೇ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿಕೊಳ್ಳುತ್ತದೆ, ಮಡಚಿ ಮಡಚಿ ಒಳಗಿಂದ ಕಾಯುತ್ತದೆ, ಒಳಗಿನ ದಾರ ಬಿಟ್ಟುಕೊಳ್ಳುತ್ತದೆ. ನಲವತ್ತು ಡಿಗ್ರಿ ದಾಟಿದ ಬಿಸಿಲು, ಕಾದ ಡಾಂಬರು, ಮೇಲೆ ಎಂಟು ಜನರ ಭಾರ ಸೇರಿದರೆ ಮುಗಿಯಿತು.

ಇದು ಪುಸ್ತಕ ಓದಿ ಹೇಳುತ್ತಿರುವುದಲ್ಲ. ಒಂದು ಮೇ ತಿಂಗಳ ಮಧ್ಯಾಹ್ನ ಜೇವರ್ಗಿ ದಾಟಿ ಸಿಂದಗಿ ಕಡೆ ಹೊರಟಿದ್ದೆ. ಹಿಂದೆ ನನ್ನ ಅವ್ವ, ಎರಡು ಮಕ್ಕಳು. ಹಿಂದಿನ ಎಡಗಾಲಿ ಸಿಡಿಯಿತು. ಗಾಡಿ ಎಡಕ್ಕೆ ಎಳೆಯತೊಡಗಿತು. ಬ್ರೇಕ್ ಮುಟ್ಟಬಾರದೆಂದು ಎಂದೋ ಒಬ್ಬ ಹಳೆಯ ಲಾರಿ ಡ್ರೈವರ್ ಹೇಳಿದ್ದು ಆ ಕ್ಷಣಕ್ಕೆ ನೆನಪಾಯಿತು. ಎಕ್ಸಲರೇಟರ್ ಬಿಟ್ಟು, ಸ್ಟೀರಿಂಗ್ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ. ಗಾಡಿ ತಾನಾಗಿಯೇ ಬಿರುಕು ಬಿಟ್ಟ ಎರಿ ಹೊಲದ ಅಂಚಿಗೆ ಹೋಗಿ ನಿಂತಿತು. ಸ್ಟೆಪ್ನಿ ತೆಗೆದರೆ ಅದರಲ್ಲಿ ಹವಾ ಇಲ್ಲ. ಒಂದು ಬೇವಿನ ಗಿಡದ ನೆರಳಿನಲ್ಲಿ ಅವ್ವ ಎರಡು ತಾಸು ಕೂತಳು, ಒಂದು ಮಾತೂ ಆಡಲಿಲ್ಲ. ಸಿಡಿದ ಟೈರಿನ ಗೀರು ಚೆನ್ನಾಗಿಯೇ ಇತ್ತು. ಆದರೆ ಅದಕ್ಕೆ ಎಂಟು ವರ್ಷ ವಯಸ್ಸಾಗಿತ್ತು, ನಾನು ಜಾತಕ ನೋಡಿರಲಿಲ್ಲ. ತಪ್ಪು ಪೂರ್ತಿ ನನ್ನದು.

ಎರಡನೆಯದು ಬೆಳಕು. ಅಮಾವಾಸ್ಯೆ ದರ್ಶನ ಮುಗಿಸಿ ರಾತ್ರಿ ಅಫಜಲಪುರದ ದಾರಿ ಹಿಡಿಯುವವರಿಗೆ ಬೆಳದಿಂಗಳ ಆಸರೆಯಿಲ್ಲ. ಕಬ್ಬು ಕಡಿಯುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಯ ಕಡೆ ನಿಧಾನವಾಗಿ ಸಾಗುತ್ತಿರುತ್ತವೆ. ಎಷ್ಟೋ ಟ್ರೇಲರಿನ ಹಿಂದೆ ಕೆಂಪು ದೀಪವಿಲ್ಲ. ಆ ಹೊತ್ತಿಗೆ ಎದುರಿನವನು ಡಿಪ್ಪರ್ ಹೊಡೆಯದೆ ಹೈ ಬೀಮಿನಲ್ಲೇ ಬಂದರೆ ಎರಡು-ಮೂರು ಸೆಕೆಂಡು ಕಣ್ಣು ಕುರುಡು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ 22 ಮೀಟರ್ ಹೋಗುತ್ತದೆ. ಮೂರು ಸೆಕೆಂಡು ಕಣ್ಣಿಲ್ಲದೆ ಅರವತ್ತಾರು ಮೀಟರ್! ಅಷ್ಟರೊಳಗೆ ಒಂದು ಕಬ್ಬಿನ ಟ್ರೇಲರ್ ನಿಂತಿರಲು ಜಾಗ ಬೇಕಾದಷ್ಟಿದೆ.

ತಮ್ಮಂದಿರಲ್ಲಿ ಕೈಮುಗಿದು ಕೇಳುತ್ತೇನೆ, ಸುಮ್ಮನೆ ಚಂದಕ್ಕಾಗಿ ಬೆಳ್ಳಗಿನ ಎಲ್‌ಇಡಿ ಬಲ್ಬ್ ಹಾಕಿಸಬೇಡಿ. 60/55 ವ್ಯಾಟಿನ ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ಹೆಡ್‌ಲೈಟ್ ಡೋಮಿನೊಳಗೆ ಬೇರೆ ಬಲ್ಬ್ ಕೂರಿಸಿದರೆ ಬೆಳಕು ರಸ್ತೆಗೆ ಬೀಳುವ ಬದಲು ಎದುರಿನವನ ಕಣ್ಣಿಗೆ ಚೆಲ್ಲುತ್ತದೆ. ಡೋಂ ಒಳಗೆ ಹಳದಿಗಟ್ಟಿದ್ದರೆ, ಹೊರಗಿನ ಗಾಜಿನ ಮೇಲೆ ಧೂಳು ಕೂತಿದ್ದರೆ ಮೊದಲು ಅದನ್ನು ಸರಿಮಾಡಿಸಿ, ಅರ್ಧ ಕತ್ತಲು ಅದರಿಂದಲೇ ಹೋಗುತ್ತದೆ. ಟ್ರ್ಯಾಕ್ಟರ್ ಹೊಡೆಯುವ ಅಣ್ಣಂದಿರಲ್ಲೂ ಒಂದು ಮಾತು. ಟ್ರೇಲರಿನ ಹಿಂದೆ ಅಡ್ಡಡ್ಡ ಒಂದು ಕೆಂಪು ರೇಡಿಯಂ ಪಟ್ಟಿ ಅಂಟಿಸಿ, ಕಬ್ಬಿನ ತುದಿ ಅದರ ಮೇಲೆ ಇಳಿಬೀಳದಂತೆ ಕಟ್ಟಿ. ನಿಮ್ಮ ಹಿಂದೆ ಬರುವವನೂ ಯಾರದೋ ಮನೆಯ ಮಗ.

ಮೂರನೆಯದು ಬೆಲ್ಟಿನ ವಿಷಯ. ಮುಂದೆ ಕೂತವರು ಪೊಲೀಸರ ಹೆದರಿಕೆಗಾದರೂ ಹಾಕುತ್ತಾರೆ. ಹಿಂದೆ? ಎಷ್ಟೋ ಗಾಡಿಗಳಲ್ಲಿ ಹಿಂದಿನ ಬಕ್ಕಲ್ ಸೀಟ್ ಕವರಿನ ಕೆಳಗೆ ಹೂತುಹೋಗಿದೆ, ಕೈ ತೂರಿಸಿ ತಡಕಿದರೂ ಸಿಗುವುದಿಲ್ಲ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿಯ ಸೇತುವೆಯಲ್ಲಿ ಕಾರು ಅಪಘಾತವಾಗಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಕೂತಿದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ. ಕಾರು ಎಷ್ಟು ಲಕ್ಷದ್ದಾದರೇನು? ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂಡುವ ತಾಯಂದಿರೇ, ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಬಿಚ್ಚಿಕೊಳ್ಳುತ್ತದೆ. ಅದರ ಮತ್ತು ನಿಮ್ಮ ನಡುವೆ ನಿಮ್ಮ ಕೂಸು ಇರಬಾರದು.

ಹೊಳೆಯ ಮಾತು ಬಿಟ್ಟರೆ ಘತ್ತರಗಿಯ ಮಾತು ಪೂರ್ತಿಯಾಗದು. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳಿಂದ ನೀರು ಬಿಟ್ಟಾಗ ಭೀಮೆ ಉಕ್ಕಿ ಇಲ್ಲಿಯ ಸೇತುವೆಯನ್ನೇ ನುಂಗಿದ್ದಳು. ಅಂಥ ಹೊತ್ತಿನಲ್ಲೂ 'ಒಂದು ಗೇಣು ನೀರು ಅಷ್ಟೇ' ಎಂದು ಗಾಡಿ ಇಳಿಸುವವರಿದ್ದಾರೆ. ಹರಿಯುವ ನೀರು ಒಂದು ಅಡಿಯಷ್ಟಾದರೆ ಸಣ್ಣ ಕಾರನ್ನು ಎತ್ತಿ ಒಯ್ಯಲು ಸಾಕು. ಟೈರಿನೊಳಗಿನ ಹವಾ, ಬಾಡಿಯೊಳಗಿನ ಗಾಳಿ ಎಲ್ಲ ಸೇರಿ ಗಾಡಿ ದೋಣಿಯಾಗುತ್ತದೆ, ಆಗ ಸ್ಟೀರಿಂಗಿಗೆ ಯಾವ ಅರ್ಥವೂ ಇರದು. ಕಂಬದ ಗುರುತು ಕಾಣದ ಸೇತುವೆಯ ಮುಂದೆ ನಿಂತುಬಿಡಿ. ದರ್ಶನ ಮುಂದಿನ ಅಮಾವಾಸ್ಯೆಗೂ ಆಗುತ್ತದೆ.

ಇನ್ನೊಂದು ಸಣ್ಣ ಮಾತು. ಸುಗ್ಗಿಯಲ್ಲಿ ತೊಗರಿ, ಜೋಳ ರಸ್ತೆಗೆ ಹಾಸಿ ಗಾಡಿಗಳಿಂದ ಒಕ್ಕಣೆ ಮಾಡಿಸುವ ರೈತರ ಕಷ್ಟ ನನಗೆ ಗೊತ್ತು, ಕಣ ಮಾಡಲು ಜಾಗವಿಲ್ಲ, ಆಳುಗಳಿಲ್ಲ. ಆದರೆ ಒಣ ಹೊಟ್ಟು ಗಾಡಿಯ ಅಡಿಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹತ್ತುತ್ತದೆ. ಅದರ ಮೇಲೆ ಹಾಯ್ದು ಬಂದವರು ಸ್ವಲ್ಪ ಮುಂದೆ ನಿಲ್ಲಿಸಿ, ಇಳಿದು, ಅಡಿಗೆ ಬಗ್ಗಿ ನೋಡಿ.

ಬರುವ ಅಮಾವಾಸ್ಯೆಗೆ ನಾನು ಗಾಡಿ ನಿಲ್ಲಿಸುವ ಜಾಗದಲ್ಲೇ ಇರುತ್ತೇನೆ. ಜೇಬಿನಲ್ಲಿ ಹವಾ ನೋಡುವ ಮೀಟರ್ ಇರುತ್ತದೆ. ಗಾಡಿ ಹೊಸದಾದರೂ ಸರಿ, ಹಳೆಯದಾದರೂ ಸರಿ, ಕೂಗಿ ಕರೆಯಿರಿ. ಸ್ಟೆಪ್ನಿಯನ್ನೂ ಹೊರಗೆ ತೆಗೆದಿಡಿ, ಐದೂ ನೋಡೋಣ.