ಪುಸ್ತಕ ಪ್ರಸಾದವಲ್ಲ

ಬರೆದವನೇ ತನ್ನ ಪುಸ್ತಕದ ಮಾತನಾಡುವುದು ನಮ್ಮ ಸಂಪ್ರದಾಯದಲ್ಲಿ ಅಷ್ಟೊಂದು ಗೌರವದ ನಡತೆಯಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಒಂದು ಪ್ರಸಂಗ ಬರುತ್ತದೆ. ಗಾಂಡೀವವನ್ನು ಬೇರೊಬ್ಬರಿಗೆ ಕೊಟ್ಟುಬಿಡು ಎಂದವರನ್ನು ಕೊಲ್ಲುತ್ತೇನೆಂಬ ಪ್ರತಿಜ್ಞೆಗೆ ಸಿಕ್ಕಿಬಿದ್ದ ಅರ್ಜುನ, ಹಾಗೆಂದ ಅಣ್ಣನನ್ನು ಕೊಲ್ಲಲಾರದೆ, ಕೃಷ್ಣನ ಸಲಹೆಯಂತೆ ಅವನನ್ನು ಏಕವಚನದಲ್ಲಿ ನಿಂದಿಸುತ್ತಾನೆ. ಹಿರಿಯನಿಗೆ ಅದೇ ಮರಣಸಮಾನ. ಆ ಪಾಪಕ್ಕಾಗಿ ತನ್ನ ತಲೆಯನ್ನೇ ಕತ್ತರಿಸಿಕೊಳ್ಳಹೊರಟಾಗ ಕೃಷ್ಣ ಇನ್ನೊಂದು ಉಪಾಯ ಹೇಳುತ್ತಾನೆ: ನಿನ್ನನ್ನು ನೀನೇ ಹೊಗಳಿಕೋ, ಅದು ಆತ್ಮಹತ್ಯೆಗೆ ಸಮ. ಈ ಕಥೆಯನ್ನು ತರಗತಿಯಲ್ಲಿ ನನ್ನ ಬಾಯಿಂದಲೇ ಕೇಳಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಅಂಥ ಮೇಷ್ಟ್ರು ಈಗ ತಮ್ಮದೇ ಕಾದಂಬರಿಯ ಕಟ್ಟನ್ನು ಹೆಗಲಿಗೇರಿಸಿಕೊಂಡು ಊರೂರು ತಿರುಗುತ್ತಿದ್ದಾರೆಂದು ಕೇಳಿ ಕೆಲವರಿಗೆ ಆಶ್ಚರ್ಯವಾಗಿದೆ, ಬಂಧುಗಳಲ್ಲಿ ಕೆಲವರಿಗೆ ಸಂಕೋಚವೂ ಆಗಿದೆ. ಆದ್ದರಿಂದ ಈ ವಿಷಯದಲ್ಲಿ ನನ್ನ ಅಭಿಪ್ರಾಯವೇನೆಂಬುದನ್ನು ಬಿಡಿಸಿ ಹೇಳುವುದು ಒಳ್ಳೆಯದೆಂದು ತೋರಿತು.

ಹೊಗಳಿಕೊಳ್ಳುವುದು ಬೇರೆ, ತಿಳಿಸುವುದು ಬೇರೆ. ಇಂಥದೊಂದು ಪುಸ್ತಕವಿದೆ, ಅದರಲ್ಲಿ ಇಂಥ ವಿಷಯವಿದೆ, ಬೆಲೆ ಇಷ್ಟು ಎಂದು ಹೇಳುವುದರಲ್ಲಿ ಆತ್ಮಪ್ರಶಂಸೆಯೇನೂ ಇಲ್ಲ. ಅದು ಹೇಗಿದೆ ಎಂಬುದನ್ನು ಹೇಳಬೇಕಾದವರು ಓದಿದವರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಲೇಖಕನಿಗೆ ಅನ್ವಯಿಸುವಷ್ಟು ಮತ್ತಾರಿಗೂ ಅನ್ವಯಿಸದು.

ಪುಸ್ತಕ ಹೊತ್ತು ತಿರುಗುವುದು ನಾಚಿಕೆಯ ಕೆಲಸವಲ್ಲವೆಂಬುದಕ್ಕೆ ನಮ್ಮಲ್ಲಿ ದೊಡ್ಡ ಮೇಲ್ಪಂಕ್ತಿಯಿದೆ. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ನನ್ನಂತೆ ಶಾಲೆಯ ಮಾಸ್ತರಿಕೆ ಮಾಡಿದವರು. ವರದೆ ತುಂಗಭದ್ರೆಯನ್ನು ಕೂಡುವ ಕಡೆ ಇರುವ ಊರು ಗಳಗನಾಥ. ಆ ಊರಿನ, ಊರದೇವರ ಹೆಸರನ್ನೇ ಅವರು ತಮ್ಮ ಕಾವ್ಯನಾಮ ಮಾಡಿಕೊಂಡರು. ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯ ಮೂಲಕ ಧರ್ಮ, ನೀತಿ, ಕಥೆಗಳನ್ನು ಮನೆಮನೆಗೆ ಮುಟ್ಟಿಸಿದರು. ವಿದ್ಯಾರಣ್ಯರನ್ನೂ ವಿಜಯನಗರದ ಸ್ಥಾಪನೆಯನ್ನೂ ಕುರಿತ ‘ಮಾಧವ ಕರುಣಾ ವಿಲಾಸ’ 1923ರಲ್ಲಿ ಹೊರಬಂದಿತು. ಮರಾಠಿಯ ಪ್ರಾಬಲ್ಯವಿದ್ದ ಆ ಸೀಮೆಯಲ್ಲಿ ಕನ್ನಡ ಪುಸ್ತಕ ಕೊಳ್ಳುವವರೇ ವಿರಳವಾಗಿದ್ದಾಗ, ಅವರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರಿಂದೂರಿಗೆ ನಡೆದು ಮಾರಿದರು. ಕಾದಂಬರಿಯನ್ನು ಓದುವ ಒಂದು ಜನವರ್ಗವನ್ನೇ ಅವರು ಕಟ್ಟಬೇಕಾಗಿತ್ತು. ಅದು ಕಾಲ್ನಡಿಗೆಯಲ್ಲಲ್ಲದೆ ಆಗುವ ಕೆಲಸವಾಗಿರಲಿಲ್ಲ.

ನೂರು ವರ್ಷಗಳ ತರುವಾಯ ಸಣ್ಣ ಪ್ರಕಾಶನದ ಲೇಖಕನ ಸ್ಥಿತಿ ಬಹಳವೇನೂ ಬದಲಾಗಿಲ್ಲ. ನನ್ನ ಕಾದಂಬರಿಯ ಪ್ರಕಾಶಕರು ಒಬ್ಬರೇ ನಡೆಸುವ ಸಂಸ್ಥೆಯವರು. ಅಚ್ಚಾಗಿರುವುದು 500 ಪ್ರತಿ, ಮುಖಬೆಲೆ 200 ರೂಪಾಯಿ. ಮಾರಾಟಗಾರರಿಗೆ ಶೇಕಡ 40 ಕಳೆದರೆ ಉಳಿಯುವುದು 120. ಕಾಗದ, ಅಚ್ಚು, ಹೊಲಿಗೆ, ಸಾಗಾಣಿಕೆ, ಎಲ್ಲವೂ ಅದರಲ್ಲೇ ಆಗಬೇಕು. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ನಿಲ್ಲಿಸಿದ ಮೇಲೆ ದೂರದ ಓದುಗನಿಗೆ ಒಂದೊಂದೇ ಪ್ರತಿ ಕಳಿಸುವುದು ಮೊದಲಿಗಿಂತ ದುಬಾರಿಯಾಯಿತು. ಜಾಹೀರಾತಿಗೆ ಹಣವೆಲ್ಲಿಂದ ಬರಬೇಕು? ಇಂಥಲ್ಲಿ ಲೇಖಕ ಸುಮ್ಮನೆ ಮನೆಯಲ್ಲಿ ಕುಳಿತರೆ ಅದು ವಿನಯವಲ್ಲ, ತನ್ನನ್ನು ನಂಬಿ ಹಣ ಹೂಡಿದವನಿಗೆ ಮಾಡುವ ಅನ್ಯಾಯ.

ಆದರೆ ಕಾದಂಬರಿಯ ವಸ್ತು ದೇವರು, ಧರ್ಮ, ಶ್ರದ್ಧೆಗಳಿಗೆ ಸಂಬಂಧಿಸಿದ್ದಾದರೆ ಮಾರುವ ರೀತಿಯ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಅದನ್ನು ಹೇಳಲು ಕಥೆಯ ಎಳೆಯನ್ನು ಎರಡು ಮಾತಿನಲ್ಲಿ ತಿಳಿಸಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದ ಕಾಲ. ‘ಮುಳುಗಡೆ’, ‘ದ್ವೀಪ’ಗಳನ್ನು ಬರೆದ ನಾ. ಡಿಸೋಜ ಅವರ ತರುವಾಯ ಆ ನೀರಿನ ಕಥೆಯನ್ನು ಮುಟ್ಟುವುದೇ ಸಾಹಸ. ನಾನು ಅದರ ಒಂದು ಮೂಲೆಯನ್ನು ಮಾತ್ರ ಮುಟ್ಟಿದ್ದೇನೆ. ಒಂದು ಕಲ್ಪಿತ ಹಳ್ಳಿಯ ದೇವಸ್ಥಾನವನ್ನು ಬೇರೆ ಕಡೆ ಸಾಗಿಸಬೇಕು. ವಿಗ್ರಹವನ್ನು ಕದಲಿಸುವ ಮುನ್ನ ಕಲಾಕರ್ಷಣ ಮಾಡಿ ಸಾನ್ನಿಧ್ಯವನ್ನು ಕುಂಭದ ಜಲಕ್ಕೆ ಆವಾಹಿಸುವುದು ಶಾಸ್ತ್ರ. ಆ ಕುಂಭವನ್ನು ಹೊತ್ತು ಕಾಡುದಾರಿಯಲ್ಲಿ ನಡೆಯುತ್ತಿದ್ದ ಅರ್ಚಕ ಎಡವುತ್ತಾನೆ, ನೀರು ಚೆಲ್ಲಿಹೋಗುತ್ತದೆ. ನೋಡಿದವರಿಲ್ಲ. ಪಕ್ಕದ ಹಳ್ಳದ ನೀರು ತುಂಬಿಕೊಂಡು ಹೋಗುತ್ತಾನೆ. ಹೊಸ ಗುಡಿಯಲ್ಲಿ ಪ್ರತಿಷ್ಠೆಯಾಗುತ್ತದೆ, ಹರಕೆ ಹೊತ್ತವರಿಗೆ ಫಲವೂ ದೊರೆಯುತ್ತದೆ. ಮುಂದಿನ ಮೂವತ್ತು ವರ್ಷ ತಾನು ಪೂಜಿಸುತ್ತಿರುವುದು ಯಾರನ್ನು ಎಂಬ ಪ್ರಶ್ನೆಯೊಡನೆ ಅವನು ಬದುಕುತ್ತಾನೆ. ಉತ್ತರವನ್ನು ನಾನು ಬರೆದಿಲ್ಲ. ನನಗೆ ಗೊತ್ತಿಲ್ಲದ್ದನ್ನು ಅವನ ಬಾಯಲ್ಲಿ ಹೇಳಿಸಲಾರೆ.

ಪುಸ್ತಕ ಹೊರಬಂದ ಎರಡು ತಿಂಗಳಲ್ಲಿ ಎರಡು ಸಲಹೆಗಳು ಬಂದವು. ಎರಡೂ ಲಾಭದವೇ.

ಮೊದಲನೆಯದು ಒಂದು ಧಾರ್ಮಿಕ ಸಂಸ್ಥೆಯವರದು. ಉತ್ಸವಕ್ಕೆ ಬಂದ ಭಕ್ತರಿಗೆ ಹಂಚಲು 200 ಪ್ರತಿ ಬೇಕು, ಮೊದಲ ಪುಟದಲ್ಲಿ ಆಶೀರ್ವಚನ ಇರಬೇಕು, ನೀರು ಚೆಲ್ಲುವ ಅಧ್ಯಾಯವನ್ನು ಕೈಬಿಟ್ಟು ಮತ್ತೆ ಅಚ್ಚು ಹಾಕಿಸಬೇಕು, ಖರ್ಚನ್ನು ಅವರೇ ಕೊಡುತ್ತಾರೆ. ಕೇಳಿದವರು ಸಜ್ಜನರು. ಭಕ್ತರ ಮನಸ್ಸು ನೋಯಬಾರದೆಂಬುದು ಅವರ ಕಳಕಳಿ. ಅದನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಆ ಅಧ್ಯಾಯ ಹೋದರೆ ಉಳಿಯುವುದು ಒಂದು ಸ್ಥಳಪುರಾಣ ಮಾತ್ರ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಪ್ರಸಾದದೊಡನೆ ಬಂದ ಪುಸ್ತಕವನ್ನು ಯಾರೂ ಓದುವುದಿಲ್ಲ. ಕಣ್ಣಿಗೊತ್ತಿಕೊಂಡು ದೇವರ ಕೋಣೆಯಲ್ಲಿಡುತ್ತಾರೆ. ಪ್ರಸಾದ ರುಚಿಯಿಲ್ಲವೆಂದು ಯಾರಾದರೂ ಹೇಳುತ್ತಾರೆಯೇ? ಕಾದಂಬರಿಗೆ ಹಾಗೆ ಹೇಳುವ ಸ್ವಾತಂತ್ರ್ಯವುಳ್ಳ ಓದುಗ ಬೇಕು. ಅರ್ಚಕನ ಸಂಕಟ ಸುಳ್ಳೆಂದು ಅನ್ನಿಸಿದರೆ ಪುಸ್ತಕವನ್ನು ಮುಚ್ಚಿ ಕೆಳಗಿಡುವ ಹಕ್ಕು ಅವನಿಗಿರಬೇಕು.

ಎರಡನೆಯ ಸಲಹೆ ಪತ್ರಿಕಾ ವ್ಯವಹಾರ ಬಲ್ಲ ಪರಿಚಿತರೊಬ್ಬರದು. ಆ ಅಧ್ಯಾಯವೊಂದನ್ನೇ ಕತ್ತರಿಸಿ ಪ್ರಕಟಿಸಿ, ಯಾರಾದರೂ ಸಿಟ್ಟಾಗಲಿ, ಆಮೇಲೆ ಪುಸ್ತಕ ತಾನಾಗಿ ಓಡುತ್ತದೆ ಎಂದರು. ಉದಾಹರಣೆಗೆ 2007ರಲ್ಲಿ ‘ಆವರಣ’ ತಿಂಗಳುಗಳೊಳಗೆ ಹಲವು ಮುದ್ರಣಗಳನ್ನು ಕಂಡದ್ದನ್ನು ನೆನಪಿಸಿದರು. ಆ ಕಾದಂಬರಿಯನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ಆದರೆ ಅದರ ಹಿಂದೆ ‘ಧರ್ಮಶ್ರೀ’, ‘ವಂಶವೃಕ್ಷ’ಗಳ ಕಾಲದಿಂದ ಭೈರಪ್ಪನವರು ನಾಲ್ಕು ದಶಕ ಬೆಳೆಸಿಕೊಂಡ ಓದುಗವರ್ಗವಿತ್ತು ಎಂಬುದನ್ನು ಮರೆಯಬಾರದು. ವಿವಾದದ ಇನ್ನೊಂದು ಮುಖವನ್ನೂ ನೋಡಬೇಕು. ಬಸವಣ್ಣನವರ ಕಾಲವನ್ನು ಕುರಿತ ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ 1995ರಲ್ಲಿ ಪ್ರಕಟವಾಗಿ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನೂ ಪಡೆಯಿತು. ಮುಂದೆ ಸರ್ಕಾರವೇ ಅದನ್ನು ಮುಟ್ಟುಗೋಲು ಹಾಕಿಕೊಂಡಿತು, 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ತಮಿಳಿನ ಪೆರುಮಾಳ್ ಮುರುಗನ್ ಅವರ ‘ಮಾದೊರುಬಾಗನ್’ ಬಂದದ್ದು 2010ರಲ್ಲಿ. ನಾಲ್ಕು ವರ್ಷ ಸದ್ದಿಲ್ಲದೆ ಓದಿಸಿಕೊಂಡ ಆ ಪುಸ್ತಕಕ್ಕೆ ಆಮೇಲೆ ಎದ್ದ ವಿರೋಧ ಎಷ್ಟು ಉಗ್ರವಾಗಿತ್ತೆಂದರೆ, 2015ರ ಜನವರಿಯಲ್ಲಿ ಅವರು ತಮ್ಮೊಳಗಿನ ಲೇಖಕ ಸತ್ತನೆಂದು ಸಾರಿ ಬರವಣಿಗೆಯನ್ನೇ ತೊರೆದರು. 2016ರ ಜುಲೈಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತ ಮೇಲೆಯೇ ಅವರು ಮತ್ತೆ ಲೇಖನಿ ಹಿಡಿದದ್ದು. ಇಂಥ ಬೆಂಕಿಯನ್ನು ಮಾರಾಟಕ್ಕಾಗಿ ಬೇಕೆಂದೇ ಹಚ್ಚುವುದು ಬುದ್ಧಿವಂತಿಕೆಯಲ್ಲ, ನೀತಿಯಂತೂ ಅಲ್ಲವೇ ಅಲ್ಲ. ಇಡೀ ಪುಸ್ತಕದಿಂದ ಒಂದು ಪುಟವನ್ನು ಹರಿದು ತೋರಿಸಿ ಜನರನ್ನು ರೇಗಿಸುವವರನ್ನು ನಾವು ದೂರುತ್ತೇವೆ. ಬರೆದವನೇ ಆ ಪುಟವನ್ನು ಹರಿದುಕೊಟ್ಟರೆ ದೂರುವ ಬಾಯಾದರೂ ಎಲ್ಲಿ ಉಳಿಯುತ್ತದೆ?

ನನ್ನ ದೃಷ್ಟಿಯಲ್ಲಿ ಈ ಎರಡು ಸಲಹೆಗಳೂ ಒಂದೇ ಬಗೆಯವು. ಒಂದು ಭಕ್ತಿಯನ್ನು ಮಾರುತ್ತದೆ, ಇನ್ನೊಂದು ಭಕ್ತರ ನೋವನ್ನು ಮಾರುತ್ತದೆ. ಪುಸ್ತಕವನ್ನು ಓದಬೇಕಾದ ಅಗತ್ಯ ಎರಡರಲ್ಲೂ ಇಲ್ಲ. ನಾನು ಎರಡನ್ನೂ ನಿರಾಕರಿಸಿದೆ.

ನಿರಾಕರಿಸುವುದು ನನಗೆ ಸುಲಭ; ನಷ್ಟವಾಗುವುದು ಪ್ರಕಾಶಕರಿಗೆ. ಇನ್ನೊಬ್ಬರ ಜೇಬಿನಿಂದ ತೆರುವ ಬೆಲೆಯಲ್ಲಿ ತನ್ನ ತತ್ತ್ವವನ್ನು ಕಾಪಾಡಿಕೊಳ್ಳುವುದು ಮರ್ಯಾದೆಯಲ್ಲ. ಅವರ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಆ ಅಧ್ಯಾಯ ಇದ್ದದ್ದಕ್ಕೇ ಅಲ್ಲವೇ ಸಾರ್ ನಾನು ಇದನ್ನು ಅಚ್ಚು ಹಾಕಿದ್ದು” ಎಂದರು. ಅಷ್ಟು ಹೇಳಿದರೂ ಅವರ ಮುಖದಲ್ಲಿ ಚಿಂತೆಯಿತ್ತು; ಕಾಗದದ ಅಂಗಡಿಯ ಬಾಕಿ ತೀರಿರಲಿಲ್ಲ. ಆ 200 ಪ್ರತಿಗಳನ್ನು, ಅಂಗಡಿಯವರಿಗೆ ಕೊಡುವ ದರದಲ್ಲಿ, ಪಿಂಚಣಿಯ ಹಣದಿಂದ ನಾನೇ ಕೊಂಡುತಂದೆ. ನಾನೀಗ ಹೊತ್ತು ತಿರುಗುತ್ತಿರುವುದು ಆ ಕಟ್ಟನ್ನೇ.

ಮಾರುವ ನನ್ನ ಕ್ರಮ ಇಷ್ಟೇ. ಯಾವುದಾದರೂ ಊರಿನಲ್ಲಿ ಹತ್ತು ಜನ ಸೇರುತ್ತೇವೆಂದರೆ ಹೋಗುತ್ತೇನೆ. ಗ್ರಂಥಾಲಯವಾಗಲಿ, ಶಾಲೆಯ ಕೊಠಡಿಯಾಗಲಿ, ಗುಡಿಯ ಜಗಲಿಯಾಗಲಿ, ಸ್ಥಳ ಯಾವುದಾದರೂ ಸರಿ. ಕುಮಾರವ್ಯಾಸನ ಭಾರತವನ್ನೂ ಜೈಮಿನಿಯನ್ನೂ ಒಬ್ಬರು ಓದಿ ಹತ್ತು ಜನ ಕೇಳುತ್ತಿದ್ದ ನಾಡು ನಮ್ಮದು. ಓದಲು ಬಾರದವರು ಕೂಡ ಅದರಲ್ಲಿ ಪಾಲುಗೊಂಡು ಅರ್ಥದ ಬಗ್ಗೆ ವಾದ ಹೂಡುತ್ತಿದ್ದರು. ನಾನು ಓದುವುದು ನೀರು ಚೆಲ್ಲುವ ಅಧ್ಯಾಯವನ್ನೇ, ಆದರೆ ಅದಕ್ಕೆ ಮೊದಲು ಅವನ ನಿತ್ಯಪೂಜೆಯ ಅಧ್ಯಾಯವನ್ನೂ ಓದುತ್ತೇನೆ. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಕೇಳುವವರಿಗೆ ಮೋಸವಾಗುತ್ತದೆ. ಆಮೇಲೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತೇನೆ. ಬೇಕಾದವರು ಕೊಳ್ಳುತ್ತಾರೆ.

ಒಮ್ಮೆ ಹೀಗೆ ಓದಿದಾಗ ಅರ್ಚಕ ವೃತ್ತಿಯಲ್ಲೇ ಮುಪ್ಪಾದ ಹಿರಿಯರೊಬ್ಬರು ಎದ್ದುನಿಂತರು. ಬೈಯುತ್ತಾರೆಂದುಕೊಂಡೆ. ಅವರು, “ಅವನು ಹಳ್ಳದ ನೀರು ತುಂಬುವಾಗ ಮಂತ್ರ ಹೇಳಿದನೋ ಇಲ್ಲವೋ?” ಎಂದು ಕೇಳಿದರು. ಬರೆಯುವಾಗ ನನಗೆ ಹೊಳೆಯದಿದ್ದ ಪ್ರಶ್ನೆ ಅದು. ಅವರು ಪುಸ್ತಕ ಕೊಂಡರು, ವಾರದ ಮೇಲೆ ಫೋನ್ ಮಾಡಿ ಮುಕ್ತಾಯ ತಮಗೆ ಒಪ್ಪಿಗೆಯಾಗಲಿಲ್ಲವೆಂದೂ ತಿಳಿಸಿದರು. ಉತ್ಸವದಲ್ಲಿ ಹಂಚಿಹೋಗಬಹುದಾಗಿದ್ದ 200 ಪ್ರತಿಗಳಿಗೆ ಇಂಥ ಒಬ್ಬ ಓದುಗ ಸಿಗುತ್ತಿದ್ದನೇ ಎಂಬುದು ನನಗೆ ಅನುಮಾನ.

ಇನ್ನು ನಿಮ್ಮ ವಿಷಯ. ದೇವರ ಭಕ್ತಿಯಷ್ಟೇ ಗುರುಭಕ್ತಿಯೂ ಪುಸ್ತಕಕ್ಕೆ ಅಪಾಯಕಾರಿ. ಬಿಡುಗಡೆಯ ದಿನ ನಿಮ್ಮಲ್ಲಿ ಕೆಲವರು ಐದೈದು ಪ್ರತಿ ಕೊಂಡಿರಿ, ಕಾಲಿಗೆ ನಮಸ್ಕರಿಸಿದಿರಿ, ಅದರ ಮೇಲೆ ಹಸ್ತಾಕ್ಷರ ಹಾಕಿಸಿಕೊಂಡಿರಿ. ನಿಮ್ಮ ಪ್ರೀತಿಗೆ ನಾನು ಋಣಿ. ಆದರೆ ಆರು ತಿಂಗಳಾದರೂ ಅದರ ಬಗ್ಗೆ ಒಂದು ಮಾತನ್ನೂ ಆಡದ ಮೂವರನ್ನು ಮೊನ್ನೆ ಒಂದು ಮದುವೆಯಲ್ಲಿ ಕಂಡಾಗ, ಮನೆಪಾಠ ಬರೆಯದೆ ಹಿಂದಿನ ಬೆಂಚಿನಲ್ಲಿ ಅಡಗುತ್ತಿದ್ದ ಅವರ ಹಳೆಯ ಮುಖಗಳೇ ನೆನಪಾದವು. ಪುಸ್ತಕವನ್ನು ಗುರುದಕ್ಷಿಣೆಯಾಗಿ ಕೊಳ್ಳಬೇಡಿ. ನಿಮ್ಮಿಂದ ನನಗೆ ಸಲ್ಲಬೇಕಾದದ್ದು ಯಾವುದೂ ಬಾಕಿಯಿಲ್ಲ. ಸಂಬಳ ಸರ್ಕಾರ ಕೊಟ್ಟಿದೆ. ಐದು ಪ್ರತಿ ಕೊಂಡವರು ಒಂದನ್ನು ಇಟ್ಟುಕೊಂಡು, ಉಳಿದ ನಾಲ್ಕನ್ನು ನನ್ನ ಹೆಸರನ್ನೇ ಕೇಳದವರಿಗೆ ಕೊಡಿ. ನಿಮ್ಮೂರಿನ ಗ್ರಂಥಾಲಯಕ್ಕೊಂದು ಕೊಡಿ. ದೇವರನ್ನು ನಂಬುವ ಒಬ್ಬರಿಗೂ ನಂಬದ ಒಬ್ಬರಿಗೂ ಕೊಟ್ಟು ಇಬ್ಬರನ್ನೂ ಮಾತಿಗೆ ಎಳೆಯಿರಿ.

ಬಂಧುಗಳಿಗೂ ಒಂದು ಮಾತು. ನಮ್ಮವರು ಬರೆದದ್ದು ಎಂಬ ಕಾರಣಕ್ಕೆ ಹೊಗಳಬೇಡಿ. ನಮ್ಮ ಮನೆತನದ ಯಾವ ಹಿರಿಯರನ್ನು ನೋಡಿ ಆ ಅರ್ಚಕನನ್ನು ಬರೆದಿರಿ ಎಂದು ಕೇಳಲೂ ಬೇಡಿ. ಅವನು ಯಾರೂ ಅಲ್ಲ. ಓದಿ ನಿಮಗೆ ಕೋಪ ಬಂದರೆ ಯಾವ ಪುಟದಲ್ಲಿ ಬಂತೆಂದು ತಿಳಿಸಿ. ಬೇಸರವಾದರೂ ಹಾಗೆಯೇ.

ಕಾದಂಬರಿಯ ಹೆಸರು, ದೊರೆಯುವ ಸ್ಥಳಗಳ ವಿವರವನ್ನು ನಿಮಗೆಲ್ಲ ಹಿಂದೆಯೇ ಪತ್ರ ಬರೆದು ತಿಳಿಸಿರುವೆನಾದ್ದರಿಂದ ಇಲ್ಲಿ ಪುನಃ ಬರೆಯುವುದಿಲ್ಲ. ಕಟ್ಟಿನಲ್ಲಿ ಇನ್ನೂ 137 ಪ್ರತಿಗಳಿವೆ. ಹತ್ತು ಜನ ಸೇರಿಸಬಲ್ಲಿರಾದರೆ ಹೇಳಿ ಕಳುಹಿಸಿ, ಬರುತ್ತೇನೆ. ಹಾರ, ಶಾಲುಗಳ ಏರ್ಪಾಡು ಖಂಡಿತ ಬೇಡ. ಒಂದು ಲೋಟ ಬಿಸಿನೀರು, ಓದಲು ಸಾಕಷ್ಟು ಬೆಳಕು ಇದ್ದರೆ ಸಾಕು.