ನೆಲಕ್ಕೆ ಹೊಸ ಹೊದಿಕೆ: ಉಬ್ಬಸದ ರೋಗಿ ಇರುವ ಮನೆಯಲ್ಲಿ ಯಾವುದು ಒಳ್ಳೆಯದು?

2022ರ ಅಕ್ಟೋಬರ್‌ನಲ್ಲಿ ಪುಣೆ ಬಳಿಯ ರಾಂಜಣಗಾಂವದಲ್ಲಿ ಎಲೆಕ್ಟ್ರಾನಿಕ್ಸ್ ಉತ್ಪಾದನಾ ಕ್ಲಸ್ಟರ್‌ಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಸುಮಾರು 297 ಎಕರೆಯ ಯೋಜನೆ ಇದು. ಕಾರ್ಖಾನೆಗಳು ಬೆಳೆದಂತೆ ಸುತ್ತಲಿನ ಊರುಗಳಲ್ಲಿ ಬಾಡಿಗೆ ಖೋಲಿ, ಸಣ್ಣ ಕಚೇರಿಗಳೂ ಏಳುತ್ತವೆ. ಹಳೆಯ ಖೋಲಿಗೆ ಹೊಸ ಕಳೆ ಕೊಡುವ ಸುಲಭದ ದಾರಿ ಎಂದರೆ ನೆಲದ ಮೇಲೆ ವಿನೈಲ್ ಶೀಟ್ ಅಂಟಿಸುವುದು ಅಥವಾ ಮರದಂತೆ ಕಾಣುವ ಲ್ಯಾಮಿನೇಟ್ ಹಾಕಿಸುವುದು. ಕಲಬುರಗಿ, ವಿಜಯಪುರದ ಕಡೆಯಿಂದ ದುಡಿಯಲು ಬಂದಿದ್ದು, ನಿಮ್ಮ ಮನೆಯಲ್ಲಿ ಅಸ್ತಮಾ ಇರುವ ಮಗುವೋ ಸಿಒಪಿಡಿ ಇರುವ ಹಿರಿಯರೋ ಇದ್ದರೆ, ಆ ಹೊಳಪಿಗೆ ಒಪ್ಪುವ ಮೊದಲು ಇದನ್ನು ಓದಿ.

ನೆಲದಿಂದ ಗಾಳಿಗೆ ಏನು ಸೇರುತ್ತದೆ?

ಲ್ಯಾಮಿನೇಟ್ ಹಲಗೆಯ ಒಳಭಾಗ ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ್ದು. ಸಾಮಾನ್ಯವಾಗಿ ಬಳಸುವ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ನಿಧಾನವಾಗಿ ಹೊರಬರುತ್ತದೆ. ಹೊಸದರಲ್ಲಿ ಹೆಚ್ಚು, ದಿನ ಕಳೆದಂತೆ ಕಡಿಮೆ. ಸೆಕೆ ಮತ್ತು ತೇವ ಇದ್ದಾಗ ಮತ್ತೆ ಏರುತ್ತದೆ. ಇದು ಕಣ್ಣು, ಮೂಗು, ಗಂಟಲನ್ನು ಕೆರಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಒಳಾಂಗಣದ ಗಾಳಿಗೆ ಸಂಸ್ಥೆ 2010ರಲ್ಲಿ ಸೂಚಿಸಿದ ಮಿತಿ, 30 ನಿಮಿಷದ ಸರಾಸರಿಯಲ್ಲಿ ಘನ ಮೀಟರಿಗೆ 0.1 ಮಿಲಿಗ್ರಾಂ.

ವಿನೈಲ್ ಎಂದರೆ ಪಿವಿಸಿ. ಅದನ್ನು ಮೆದುವಾಗಿಸಲು ಥ್ಯಾಲೇಟ್ ಎಂಬ ರಾಸಾಯನಿಕಗಳನ್ನು ಬಳಸುತ್ತಾರೆ. ಮನೆಯ ಧೂಳಿನಲ್ಲಿ ಇವು ಹೆಚ್ಚಿದ್ದ ಕಡೆ ಮಕ್ಕಳಲ್ಲಿ ಅಸ್ತಮಾ, ಅಲರ್ಜಿ ಹೆಚ್ಚು ಕಂಡಿತೆಂದು 2004ರ ಸ್ವೀಡನ್ ಅಧ್ಯಯನವೊಂದು ಹೇಳಿತು. ಇದು ನಂಟು ಮಾತ್ರ, ಕಾರಣವೆಂಬ ಪುರಾವೆಯಲ್ಲ. ಆದರೂ ನೆಲದ ಮೇಲೆ ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಎಚ್ಚರ ಒಳ್ಳೆಯದು.

ಯುರೋಪಿಯನ್ ಒಕ್ಕೂಟದ 2023ರ ನಿಯಮವೊಂದು ಪೀಠೋಪಕರಣ ಹಾಗೂ ಮರ ಆಧಾರಿತ ವಸ್ತುಗಳಿಂದ ಹೊರಡುವ ಫಾರ್ಮಾಲ್ಡಿಹೈಡ್‌ಗೆ 0.062 ಮಿಲಿಗ್ರಾಂ ಮಿತಿ ಹಾಕಿದೆ. ಜಾರಿಯ ದಿನ 2026ರ ಆಗಸ್ಟ್ 6. ನಮ್ಮ ಪೇಟೆಯಲ್ಲಿ ಮಾರುವ ಮಾಲಿಗೆ ಈ ನಿಯಮ ತಾಗುವುದಿಲ್ಲ. ಹಾಗಾಗಿ ಕೇಳಿ ತಿಳಿಯುವ ಹೊಣೆ ಕೊಳ್ಳುವವರ ಮೇಲೇ ಬೀಳುತ್ತದೆ.

ಕಾಲ ಕೆಳಗಿನ ಕಲ್ಲು

ಹಳೆಯ ಖೋಲಿಯ ಬೂದು ಬಣ್ಣದ ಹಾಸುಗಲ್ಲನ್ನು ಮಹಾರಾಷ್ಟ್ರದಲ್ಲಿ ಶಹಾಬಾದಿ ಫರಶಿ ಎನ್ನುತ್ತಾರೆ. ಕಲಬುರಗಿ ಜಿಲ್ಲೆಯ ಶಹಾಬಾದಿನಿಂದ ಬಂದ ಹೆಸರು ಅದು. ನೀವು ಊರಲ್ಲಿ ಆಡಿ ಬೆಳೆದ ಪರಸಿ ಕಲ್ಲೇ ಇದು. ಸುಣ್ಣದಕಲ್ಲಾದ್ದರಿಂದ ಇದರಲ್ಲಿ ಗಾಳಿಗೆ ಸೇರುವ ಅಂಟೂ ಇಲ್ಲ, ಪ್ಲಾಸ್ಟಿಕ್ಕೂ ಇಲ್ಲ. ಟೈಲ್ಸ್‌ನಂತೆ ಭಟ್ಟಿಯಲ್ಲಿ ಸುಡಬೇಕಾಗಿಲ್ಲ. ದಶಕಗಟ್ಟಲೆ ಬಾಳುತ್ತದೆ, ಸವೆದರೆ ಪಾಲಿಶ್ ಮಾಡಿಸಬಹುದು. ನೆಲ ಗಟ್ಟಿಯಾಗಿದ್ದರೆ ಅದನ್ನು ಮುಚ್ಚದೆ, ಸಂದುಗಳಿಗೆ ಸಿಮೆಂಟ್ ತುಂಬಿಸಿ ಹಾಗೆಯೇ ಬಿಡುವುದೇ ರೋಗಿಗೂ ಜೇಬಿಗೂ ಹಿತ.

ಕಲ್ಲಿಗೂ ಕೊರತೆಗಳಿವೆ. ಚಳಿಗಾಲದಲ್ಲಿ ತಣ್ಣಗಿರುತ್ತದೆ, ಕೀಲುನೋವಿನವರಿಗೆ ಮನೆಯೊಳಗೆ ಚಪ್ಪಲಿ ಬೇಕು. ಪಾಲಿಶ್ ಮಾಡಿದ ಕಲ್ಲು ಒದ್ದೆಯಾದರೆ ಜಾರುತ್ತದೆ, ಬಚ್ಚಲಿಗೆ ಒರಟು ಮೈಯ ಕಲ್ಲೇ ಇರಲಿ. ಮೇಲೆದ್ದ ಅಂಚು ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಗಾಯ ಮಾಡಬಹುದು, ಅದನ್ನು ಸರಿಪಡಿಸಿ. ಆ್ಯಸಿಡ್ ಹಾಕಿ ಒರೆಸಬೇಡಿ: ಆ್ಯಸಿಡ್ ಸುಣ್ಣದಕಲ್ಲನ್ನು ತಿನ್ನುತ್ತದೆ, ಅದರ ಹೊಗೆ ಉಬ್ಬಸದವರಿಗೆ ಕೆಡುಕು. ಆ್ಯಸಿಡ್ ಜೊತೆ ಬ್ಲೀಚಿಂಗ್ ಪುಡಿ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಸೋಪಿನ ನೀರು ಸಾಕು.

ಹೊಸದು ಹಾಕಿಸಲೇಬೇಕಾದರೆ

• ಲ್ಯಾಮಿನೇಟ್ ಆದರೆ ಇ1 ಅಥವಾ ಅದಕ್ಕಿಂತ ಕಡಿಮೆ ಹೊರಸೂಸುವ ದರ್ಜೆಯೇ ಎಂದು ಕೇಳಿ, ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ನೋಡಿ. ವಾಸನೆ ಇಲ್ಲವೆಂದ ಮಾತ್ರಕ್ಕೆ ಅನಿಲ ಇಲ್ಲವೆಂದಲ್ಲ.
• ಹಲಗೆಯಷ್ಟೇ ಮುಖ್ಯ ಅಂಟು. ಕಡಿಮೆ ವಿಒಸಿಯ, ನೀರು ಆಧಾರಿತ ಅಂಟು ಕೇಳಿ. ಅಂಟೇ ಬೇಡದ, ಒಂದಕ್ಕೊಂದು ಸಿಕ್ಕಿಸುವ ಹಲಗೆ ಇನ್ನೂ ಮೇಲು.
• ಕಚೇರಿಯಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಬೇಡ. ಧೂಳು, ಧೂಳುಹುಳ ಅದರಲ್ಲಿ ನೆಲೆಸುತ್ತವೆ.
• ಗ್ರಾನೈಟ್, ಟೈಲ್ಸ್ ಒಣಗಿರುವಾಗ ಕೊಯ್ದರೆ ಸಿಲಿಕಾ ಧೂಳು ಏಳುತ್ತದೆ. ಈ ಧೂಳಿನಿಂದ ಕಾರ್ಮಿಕರ ಶ್ವಾಸಕೋಶ ಹಾಳಾಗುವುದನ್ನು ಕಂಡೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಕೃತಕ ಕ್ವಾರ್ಟ್ಜ್ ಕಲ್ಲನ್ನು ನಿಷೇಧಿಸಿತು. ಮನೆಯ ಹೊರಗೆ, ನೀರು ಹಾಕುತ್ತ ಕೊಯ್ಯಲು ಹೇಳಿ. ಕೊಯ್ಯುವವರಿಗೆ ಮೂಗಿಗೆ ಕಟ್ಟಿದ ಟವೆಲ್ ಸಾಲದು, ಎನ್95 ಮಾಸ್ಕ್ ಬೇಕು.
• ಕೆಲಸ ನಡೆಯುವಾಗ ರೋಗಿಯನ್ನು ಬೇರೆಡೆ ಇರಿಸಿ. ಮುಗಿದ ಮೇಲೂ ಕೆಲವು ವಾರ ಕಿಟಕಿ ತೆರೆದಿಡಿ. ಆಸ್ಪತ್ರೆಯಿಂದ ಯಾರಾದರೂ ಮನೆಗೆ ಬರುವವರಿದ್ದರೆ ಅದೇ ವಾರ ನೆಲದ ಕೆಲಸ ಇಟ್ಟುಕೊಳ್ಳಬೇಡಿ.

ಹೊಸ ನೆಲ ಹಾಕಿಸಿದ ದಿನವನ್ನು ಔಷಧಿ ಚೀಟಿಯ ಹಿಂದೆ ಬರೆದಿಡಿ. ಆ ದಿನದಿಂದ ಕೆಮ್ಮು, ಕಣ್ಣುರಿ ಹೆಚ್ಚಿದ್ದರೆ, ಅಥವಾ ಉಬ್ಬಸ ಬಂದಾಗ ಎಳೆದುಕೊಳ್ಳುವ ಇನ್‌ಹೇಲರ್ ಮೊದಲಿಗಿಂತ ಹೆಚ್ಚು ಬೇಕಾಗುತ್ತಿದ್ದರೆ, ನೀವಾಗಿಯೇ ಔಷಧದ ಪ್ರಮಾಣ ಬದಲಿಸಬೇಡಿ. ವೈದ್ಯರಿಗೆ ಆ ದಿನಾಂಕ ತೋರಿಸಿ. ಡೋಸ್ ಏರಿಸುವ ಮೊದಲು ಅವರು ಕೇಳಬೇಕಾದ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಸಿದ್ಧವಿರುತ್ತದೆ.