ಬಾರಿಸುವವರನ್ನೂ ಒಳಗೆ ಕರೆಯಿರಿ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ದೇವಸ್ಥಾನ ಸಮಿತಿಯವರಲ್ಲಿ, ಊರ ಗೌಡರು ಯಜಮಾನರಲ್ಲಿ, ಚಂದಾ ಎತ್ತಲು ಓಡಾಡುವ ಯುವಕ ಸಂಘದವರಲ್ಲಿ, ಚರ್ಚಿನ ಫಾದರ್ ಮತ್ತು ಸಭಾಪಾಲಕರಲ್ಲಿ ಒಂದು ಮನವಿ.

ಸುಗ್ಗಿ ಮುಗಿಯಿತೆಂದರೆ ನಮ್ಮ ಕಡೆ ಜಾತ್ರೆಗಳ ಕಾಲ. ಅಂತರಘಟ್ಟೆಯ ದುರ್ಗಾಂಬೆಗೆ ಪಾನಕದ ಗಾಡಿ ಹೂಡುವ ಹೊತ್ತಿನಿಂದ ಮುಂಗಾರು ಬೀಳುವ ತನಕ ಈ ಊರಲ್ಲಿ ಚೌಡಮ್ಮ, ಆ ಊರಲ್ಲಿ ಕೆಂಚಮ್ಮ, ಇನ್ನೊಂದರಲ್ಲಿ ಮಾರಿಹಬ್ಬ. ಹಬ್ಬಕ್ಕೆ ಮೊದಲು ಸಭೆ ಸೇರುತ್ತೇವೆ. ಪೆಂಡಾಲು, ಲೈಟಿಂಗು, ನಾಟಕ, ಆರ್ಕೆಸ್ಟ್ರಾ, ಅನ್ನಸಂತರ್ಪಣೆಗೆ ಎಷ್ಟು ಕ್ವಿಂಟಾಲ್ ಅಕ್ಕಿ ಎಂದು ಗಂಟೆಗಟ್ಟಲೆ ಚರ್ಚೆ. ತಮಟೆಯ ಮಾತು ಮಾತ್ರ ಬರುವುದೇ ಇಲ್ಲ. ಪಂಚೆ ಕೊಡವಿ ಏಳುವಾಗ ಯಾರೋ ಒಬ್ಬರು ‘ಕಾಲೋನಿಗೆ ಹೇಳಿ ಕಳ್ಸ್ರಪ್ಪ’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಈ ಸಲ ಆ ವಿಷಯವನ್ನು ಸಭೆಯ ನಡುವೆ ಇಟ್ಟು ಮಾತಾಡಿ ಎಂದು ಕೇಳಿಕೊಳ್ಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ತಮಟೆ ಇಲ್ಲದೆ ನಮ್ಮ ಅಮ್ಮನವರು ಗುಡಿ ಬಿಟ್ಟು ಏಳುವುದಿಲ್ಲ. ಇದನ್ನು ನಾನು ಹೇಳಬೇಕಾಗಿಲ್ಲ, ಹರಕೆ ಹೊತ್ತವರಿಗೆಲ್ಲ ಗೊತ್ತು. ಕಂಬಳಿ ಮುಸುಕಿನಲ್ಲಿ ಕೂತವರನ್ನು ಡೊಳ್ಳು ಎಬ್ಬಿಸಬಹುದು, ಮಂಗಳಾರತಿಗೆ ಜಾಗಟೆ ಸಾಕು. ಮೈಮೇಲೆ ದೇವರು ಬರಬೇಕಾದರೆ ಮಾತ್ರ ತಮಟೆಯ ಏಟು ಏರಬೇಕು, ಉರುಮೆ ನರಳಬೇಕು. ಮಾರಿಹಬ್ಬದ ರಾತ್ರಿ ದಲಿತ ಕೇರಿಯ ಅಸಾದಿಗಳು ದೇವಿಯ ಕತೆ ಹಾಡುತ್ತಾರೆ, ಹೊಗಳುತ್ತಾರೆ, ಹೊಗಳುತ್ತಲೇ ಬಾಯಿಗೆ ಬಂದ ಹಾಗೆ ಬಯ್ಯುತ್ತಾರೆ. ದೇವರನ್ನು ಮುಖದೆದುರೇ ಬಯ್ಯುವ ಹಕ್ಕು ಊರಿನ ಎಷ್ಟು ದೊಡ್ಡ ಮನುಷ್ಯನಿಗೂ ಇಲ್ಲ, ಅಸಾದಿಗೆ ಇದೆ. ಅಷ್ಟು ಸಲಿಗೆ ಇರುವವರು ಬೆಳಗಾದ ಮೇಲೆ ಎಲ್ಲಿ ನಿಲ್ಲುತ್ತಾರೆ? ಎಷ್ಟೋ ಊರುಗಳಲ್ಲಿ ಗುಡಿಯ ಮುಂದಿನ ಬಯಲಲ್ಲಿ, ಬೇಲಿಯ ಪಕ್ಕ, ತೀರ್ಥವನ್ನು ಮೇಲಿನಿಂದ ಹುಯ್ಯಿಸಿಕೊಳ್ಳಲು ಅಂಗೈ ಚಾಚಿಕೊಂಡು. ಸದ್ದು ಗರ್ಭಗುಡಿಯ ತನಕ ಹೋಗುತ್ತದೆ, ಸದ್ದು ಮಾಡಿದ ಕೈ ಹೊಸ್ತಿಲ ಆಚೆಯೇ ಉಳಿಯುತ್ತದೆ. ಈ ಲೆಕ್ಕವನ್ನು ನಾವು ಸಂಪ್ರದಾಯ ಎಂದು ಕರೆದುಕೊಂಡು ಬಂದಿದ್ದೇವೆ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಈ ಲೆಕ್ಕ ಒಮ್ಮೆ ತಪ್ಪಿತ್ತು. ಮಾರಿಯನ್ನು ತಲೆಯ ಮೇಲೆ ಹೊತ್ತು ಡಕ್ಕೆ ಬಾರಿಸುತ್ತ ಮನೆಮನೆ ತಿರುಗುತ್ತಿದ್ದ ಡಕ್ಕೆಯ ಬೊಮ್ಮಣ್ಣ ಶರಣರ ನಡುವೆ ವಚನಕಾರನಾಗಿ ಕೂತ. ಬಸವ ಜಯಂತಿಯ ದಿನ ನಮ್ಮ ಮೂರೂ ತಾಲೂಕುಗಳಲ್ಲಿ ಟ್ರ್ಯಾಕ್ಟರುಗಳ ಮೇಲೆ ಮೆರವಣಿಗೆ ಹೊರಡುತ್ತದೆ. ಆ ಟ್ರ್ಯಾಕ್ಟರಿನ ಮುಂದೆ ತಮಟೆ ಹೊಡೆಯುವವರಲ್ಲಿ ಬೊಮ್ಮಣ್ಣನ ಹೆಸರು ಕೇಳಿದವರು ಎಷ್ಟು ಮಂದಿ, ಟ್ರ್ಯಾಕ್ಟರಿನ ಮೇಲೆ ಕೂತವರಲ್ಲಿ ಎಷ್ಟು ಮಂದಿ ಎಂದು ವಿಚಾರಿಸಿ ನೋಡಿ.

ದೂರದ ಒಂದು ಕತೆ ಹೇಳುತ್ತೇನೆ, ನಮಗೆ ಬೇಕಾದದ್ದು ಅದರಲ್ಲಿ ಇದೆ. ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ 1739ರಲ್ಲಿ ಆಫ್ರಿಕಾದಿಂದ ತಂದಿದ್ದ ಗುಲಾಮರು ಡೋಲು ಬಾರಿಸುತ್ತ ದಂಗೆ ಎದ್ದರು. ಮರುವರ್ಷ ಬಂದ ಕಾನೂನು ಗುಲಾಮರು ಡೋಲು ಮುಟ್ಟದಂತೆ ಮಾಡಿತು. ಡೋಲು ಹೋಯಿತು, ತಾಳ ಹೋಗಲಿಲ್ಲ. ಅಂಗೈಯಲ್ಲಿ ತಟ್ಟಿದರು, ಪಾದದಲ್ಲಿ ನೆಲ ಗುದ್ದಿದರು, ಒಬ್ಬ ಕೂಗಿದರೆ ಉಳಿದವರು ಓಗೊಟ್ಟರು. ಮುಂದೆ ಕಪ್ಪು ಜನರ ಭಜನೆ, ಬ್ಲೂಸ್, ನ್ಯೂ ಆರ್ಲಿನ್ಸಿನ ಜಾಝ್ ಎಲ್ಲದರ ಬೇರಿನಲ್ಲೂ ಇಂಥ ತಾಳವಿದೆ. ನಮ್ಮಲ್ಲಿ ಆದದ್ದು ಇದರ ತಲೆಕೆಳಗು. ಅಲ್ಲಿ ಒಡೆಯ ಡೋಲನ್ನು ಕಿತ್ತುಕೊಂಡ, ಇಲ್ಲಿ ಊರು ತಮಟೆಯನ್ನು ಕೊರಳಿಗೆ ಕಟ್ಟಿ ಬಿಚ್ಚಕೂಡದು ಅಂದಿತು. ಯಾರು ಯಾವಾಗ ಬಾರಿಸಬೇಕು ಎಂಬುದನ್ನು ಬಾರಿಸುವವರಲ್ಲದೆ ಬೇರೆಯವರು ಗೊತ್ತುಮಾಡುವುದು ಎರಡು ಕಡೆಯೂ ಒಂದೇ.

ಅಮೆರಿಕದಲ್ಲಿ ದೇವರ ಮನೆಯ ಬಾಗಿಲಲ್ಲೂ ನಡೆದದ್ದು ನಮ್ಮಲ್ಲಿ ನಡೆಯುವುದೇ. ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಚರ್ಚಿನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕಪ್ಪು ಭಕ್ತರನ್ನು ‘ನಿಮ್ಮ ಜಾಗ ಇದಲ್ಲ’ ಎಂದು ಹಿಡಿದೆಬ್ಬಿಸಿದರು. ರಿಚರ್ಡ್ ಅಲೆನ್ ಮತ್ತು ಜೊತೆಯವರು ಎದ್ದು ಹೊರನಡೆದರು. 1794ರಲ್ಲಿ ಅಲೆನ್ ಅದೇ ಊರಲ್ಲಿ ಬೆತೆಲ್ ಎಂಬ ತಮ್ಮ ಚರ್ಚನ್ನು ತೆರೆದರು. ಅಂಥ ಚರ್ಚುಗಳೇ ಮುಂದೆ ನಾಗರಿಕ ಹಕ್ಕುಗಳ ಹೋರಾಟಕ್ಕೆ ಮನೆಯಾದವು. ಹೋರಾಟ ಬೇಡವಾದವರಿಗೂ ಅದು ಗೊತ್ತಿತ್ತು. 1963ರ ಸೆಪ್ಟೆಂಬರಿನ ಒಂದು ಭಾನುವಾರ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ ಕಪ್ಪು ಜನರ ಚರ್ಚಿಗೆ ಬಾಂಬಿಟ್ಟು ನಾಲ್ಕು ಹೆಣ್ಣುಮಕ್ಕಳನ್ನು ಕೊಂದರು. ಜಾಝ್ ವಾದಕ ಜಾನ್ ಕೋಲ್ಟ್ರೇನ್ ಸ್ಯಾಕ್ಸೊಫೋನಿನಲ್ಲಿ ‘ಅಲಬಾಮಾ’ ನುಡಿಸಿದ್ದು ಅದೇ ವರ್ಷ. ಅದರಲ್ಲಿ ಮಾತಿಲ್ಲ, ಕೇಳಿದವರಿಗೆ ಮಾತು ಬೇಕೆನಿಸುವುದೂ ಇಲ್ಲ.

ಅಷ್ಟಾದರೂ ಜಾಝ್ ಚರ್ಚಿನೊಳಗೆ ಸಲೀಸಾಗಿ ಹೋಗಲಿಲ್ಲ. ಡ್ಯೂಕ್ ಎಲಿಂಗ್ಟನ್ 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಸ್ ಕೆಥೀಡ್ರಲಿನಲ್ಲಿ ತಮ್ಮ ವಾದ್ಯವೃಂದ ಕಟ್ಟಿಕೊಂಡು ದೇವರ ಸೇವೆಯ ಕಛೇರಿ ಮಾಡಿದರು. ಮರುವರ್ಷ ವಾಷಿಂಗ್ಟನ್ನಿನಲ್ಲಿ ಅಂಥದೇ ಕಛೇರಿ ಇಟ್ಟಾಗ ಅಲ್ಲಿನ ಬ್ಯಾಪ್ಟಿಸ್ಟ್ ಪಾದ್ರಿಗಳ ಸಂಘ ಬೆಂಬಲ ಕೊಡಲು ಒಪ್ಪಲಿಲ್ಲ. ಹೆಂಡದಂಗಡಿಯಲ್ಲಿ ನುಡಿಸುವುದನ್ನು ದೇವರ ಮುಂದೆ ತರುವುದೇ ಎಂಬ ಅಳುಕು ಬಿಳಿಯರಿಗಿದ್ದಷ್ಟೇ ಕಪ್ಪು ಜನರ ಚರ್ಚುಗಳಲ್ಲೂ ಇತ್ತು. ಮೇರಿ ಲೂ ವಿಲಿಯಮ್ಸ್ ಎಂಬ ಪಿಯಾನೊ ವಾದಕಿ ತಾನು ಕಟ್ಟಿದ ಜಾಝ್ ಪೂಜೆಯನ್ನು ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಕೆಥೀಡ್ರಲಿನಲ್ಲಿ ನುಡಿಸಲು 1975 ಬರಬೇಕಾಯಿತು.

ಆ ಅಳುಕನ್ನು ನಾನು ಹಗುರವಾಗಿ ನೋಡುವುದಿಲ್ಲ. ನಮ್ಮ ತಮಟೆಯ ಸುತ್ತಲೂ ಅದೇ ಇದೆ. ತಮಟೆ ಎಂದರೆ ಹೆಣದ ಮುಂದೆ, ಸತ್ತ ದನದ ಚರ್ಮ, ಕೂಲಿಯ ಬದಲು ಕೊಡುವ ಕ್ವಾರ್ಟರ್ ಬಾಟಲಿ. ‘ನಮ್ಮಪ್ಪ ಹೊಡೆದದ್ದು ಸಾಕು, ನಾನು ಮುಟ್ಟಲ್ಲ’ ಎನ್ನುವ ಹುಡುಗರು ಈಗ ಕಾಲೋನಿಯಲ್ಲಿ ಬೇಕಾದಷ್ಟು ಇದ್ದಾರೆ. ಇರಲೇಬೇಕು. ಪಕ್ಕದ ಭದ್ರಾವತಿಯಲ್ಲಿ ಮೇಷ್ಟರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ ಕಾಲದಲ್ಲಿ ತಮಟೆಯನ್ನು ಬಿಸಾಕಿ ಎಂದವರೂ ಇದ್ದರು, ಅದೇ ತಮಟೆಯನ್ನು ಹೋರಾಟದ ಮುಂದೆ ಹಿಡಿದವರೂ ಇದ್ದರು. ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಅಚ್ಚಾದದ್ದು 1975ರಲ್ಲಿ, ಮೇರಿ ಲೂ ಕೆಥೀಡ್ರಲಿನಲ್ಲಿ ಪಿಯಾನೊ ಮುಂದೆ ಕೂತ ವರ್ಷ. ಆ ಹಾಡುಗಳು ಊರೂರು ತಿರುಗಿದ್ದು ತಮಟೆಯ ಬೆನ್ನೇರಿ. ಎರಡೂ ಕಡೆಯವರ ಮಾತು ನ್ಯಾಯವೇ. ಬಾರಿಸುವುದು, ಬಿಡುವುದು ಅವರವರಿಗೆ ಬಿಟ್ಟದ್ದು. ‘ಅಯ್ಯೋ, ಜಾನಪದ ಕಲೆ ನಶಿಸಿಹೋಗ್ತಿದೆ’ ಎಂದು ಮರುಗುವವರಲ್ಲಿ ನನ್ನದೊಂದು ಕೋರಿಕೆ: ಉಳಿಸುವ ಹೊರೆಯನ್ನು ಅದೇ ಕೇರಿಯ ಮೇಲೆ ಮತ್ತೆ ಹೊರಿಸಬೇಡಿ. ನಿಮ್ಮ ಮನೆಯ ಮಕ್ಕಳಿಗೂ ಕಲಿಸಿ. ತಮಟೆಯ ಚರ್ಮವನ್ನು ಕಾಯಿಸಿ ಹದ ಮಾಡುವುದು, ಬಲಗೈಯ ದಪ್ಪ ಕೋಲಿಗೂ ಎಡಗೈಯ ಸಣ್ಣ ಕಡ್ಡಿಗೂ ಲೆಕ್ಕ ಕೂಡಿಸುವುದು ಮೃದಂಗಕ್ಕಿಂತ ಸುಲಭದ ವಿದ್ಯೆ ಎಂದುಕೊಂಡಿದ್ದರೆ ಒಂದು ವಾರ ಪ್ರಯತ್ನಿಸಿ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನದ ಒಳಗೆ ಹೋದ ವಾದ್ಯಕ್ಕೆ ನಮ್ಮೂರ ಗುಡಿಯ ಪಡಸಾಲೆ ದೊಡ್ಡದಲ್ಲ.

ಚರ್ಚಿನವರಿಗೂ ಒಂದು ಮಾತು. ಮಿಶನರಿ ಕಿಟ್ಟೆಲರು 1862ರಷ್ಟು ಹಿಂದೆಯೇ ‘ಕಥಾಮಾಲೆ’ಯಲ್ಲಿ ಯೇಸುವಿನ ಕತೆಯನ್ನು ಕನ್ನಡದ ಮಟ್ಟುಗಳಿಗೆ ಇಳಿಸಿದರು. ಆಯಾ ಜನರ ಸಂಗೀತಕ್ಕೆ ಪೂಜೆಯಲ್ಲಿ ತಕ್ಕ ಸ್ಥಾನ ಕೊಡಬೇಕು ಎಂದು ಎರಡನೇ ವ್ಯಾಟಿಕನ್ ಪರಿಷತ್ತು 1963ರಲ್ಲಿ ಹೇಳಿತು. ಆದರೂ ಕೀಬೋರ್ಡು, ಗಿಟಾರು ಪೀಠದ ಪಕ್ಕಕ್ಕೆ ಬಂದಷ್ಟು ಬೇಗ ತಮಟೆ ಬರಲಿಲ್ಲ. ಮದುರೆಯ ತಮಿಳುನಾಡು ಥಿಯಲಾಜಿಕಲ್ ಸೆಮಿನರಿಯಲ್ಲಿ ಪಾಠ ಹೇಳುತ್ತಿದ್ದ ಥಿಯೋಫಿಲಸ್ ಅಪ್ಪಾವು ಅವರು ಹಳ್ಳಿಯ ಜನರ ಮಟ್ಟುಗಳನ್ನೂ ಅಲ್ಲಿನ ತಮಟೆಯಾದ ಪರೈಯನ್ನೂ ಆರಾಧನೆಗೆ ತಂದರು. ಕೇರಿಯ ವಾಸನೆ ಬಿಟ್ಟು ಬರಲೆಂದೇ ಚರ್ಚಿಗೆ ಬಂದವರಿಗೆ ಅದು ಕಸಿವಿಸಿ ಅನ್ನಿಸುವುದು ಸಹಜ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತ ಕ್ರೈಸ್ತರು ಇಂದಿಗೂ ಪರಿಶಿಷ್ಟ ಜಾತಿಯ ಪಟ್ಟಿಯ ಹೊರಗೆ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು. ಧರ್ಮ ಬದಲಾದರೆ ಜಾತಿ ಹೋಗುತ್ತದೆಂದು ಕಾಗದ ಹೇಳುತ್ತದೆ, ಊರು ಹಾಗೆ ಹೇಳುವುದಿಲ್ಲ. ಕ್ರಿಸ್ಮಸ್ಸಿನ ರಾತ್ರಿ ನಿಮ್ಮ ಆಲ್ಟರಿನ ಪಕ್ಕ ತಮಟೆಗೊಂದು ಜಾಗ ಮಾಡಿ, ಸಭೆಯವರನ್ನು ಕೇಳಿಯೇ ಮಾಡಿ.

ಇದೆಲ್ಲ ಹಳೆಯ ಕಾಲದ್ದು, ಈಗ ಹಾಗಿಲ್ಲ ಎನ್ನುವವರಿಗೆ ತರೀಕೆರೆ ತಾಲೂಕಿನ ಗೇರುಮರಡಿ ನೆನಪಿರಲಿ. 2024ರ ಜನವರಿಯಲ್ಲಿ ಅಲ್ಲಿನ ಗೊಲ್ಲರಹಟ್ಟಿಗೆ ಜೆಸಿಬಿ ಕೆಲಸಕ್ಕೆ ಹೋಗಿದ್ದ ದಲಿತ ಯುವಕನ ಮೇಲೆ ಹಟ್ಟಿಯೊಳಗೆ ಬಂದನೆಂಬ ಕಾರಣಕ್ಕೆ ಹಲ್ಲೆ ನಡೆಯಿತು. ಕೆಲವೇ ದಿನಗಳಲ್ಲಿ ದಲಿತ ಸಂಘಟನೆಗಳವರು ಒಟ್ಟಾಗಿ ಹಟ್ಟಿಗೆ ಹೋಗಿ ದೇವಸ್ಥಾನ ಪ್ರವೇಶ ಮಾಡಿದರು. ಹಟ್ಟಿಯವರೂ ಬಡವರೇ, ಹಿಂದುಳಿದವರೇ. ಅವರೊಬ್ಬರ ಮೇಲೆ ಬೆರಳು ತೋರಿಸಿ ಕೈ ತೊಳೆದುಕೊಳ್ಳಲು ಇದನ್ನು ಎತ್ತಿಲ್ಲ. ಪೇಪರಿಗೆ ಬಂದದ್ದು ಆ ಹಟ್ಟಿ, ಪೇಪರಿಗೆ ಬಾರದ ಊರುಗಳು ಎಷ್ಟೆಂದು ನಮಗೆ ನಮಗೇ ಗೊತ್ತಿದೆ.

ಈಚೆಗೆ ಇನ್ನೊಂದು ಜಾಣತನ ಶುರುವಾಗಿದೆ. ಪೊಲೀಸರು ಡಿಜೆ ಬೇಡವೆಂದರೂ ಡಿಜೆಯನ್ನೋ ಬೇರೆ ಊರಿನ ಬ್ಯಾಂಡನ್ನೋ ದುಡ್ಡು ಕೊಟ್ಟು ತರಿಸುವುದು. ‘ನಮ್ಮೂರ ತಮಟೆಯವರ ತಂಟೆಯೇ ಬೇಡ’ ಎಂಬ ಮಾತಿನ ಒಳಗುಟ್ಟು ಏನು? ಅವರು ಈಗ ಸಂಭಾವನೆ ಕೇಳುತ್ತಾರೆ, ಒಳಗೆ ಬರುತ್ತೇವೆ ಅನ್ನುತ್ತಾರೆ. ಡಿಜೆಯ ಸ್ಪೀಕರು ಏನೂ ಕೇಳುವುದಿಲ್ಲ.

ಆದ್ದರಿಂದ ಈ ಸಲದ ಸಭೆಯಲ್ಲಿ ತಮಟೆಯವರನ್ನು ಕರೆದು ಜಮಖಾನದ ಮೇಲೆ ಜೊತೆಗೆ ಕೂರಿಸಿಕೊಂಡು ಮಾತಾಡಿ. ನಾದಸ್ವರದವರಿಗೆ ವೀಳ್ಯ ಕೊಟ್ಟು ಗೊತ್ತುಮಾಡುವಂತೆ ಅವರಿಗೂ ಮುಂಗಡವಾಗಿ ಹಣ ಗೊತ್ತುಮಾಡಿ, ಹಣದ ಜಾಗದಲ್ಲಿ ಬಾಟಲಿ ಬೇಡ. ಐನೂರು ರೂಪಾಯಿ ಕೊಟ್ಟ ದಾನಿಯ ಹೆಸರು ಜಾತ್ರೆಯ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಬರುತ್ತದಲ್ಲ, ಮೂರು ರಾತ್ರಿ ನಿದ್ದೆಗೆಟ್ಟು ಬಾರಿಸಿದವರ ಹೆಸರೂ ‘ಶ್ರೀ’ ಸಮೇತ ಅಲ್ಲೇ ಬರಲಿ. ಉತ್ಸವ ಮುಗಿದು ದೇವರು ಒಳಗೆ ಹೋಗುವಾಗ ವಾದ್ಯದವರು ದೇವರ ಜೊತೆಗೇ, ಅದೇ ಬಾಗಿಲಲ್ಲಿ ಒಳಗೆ ಬರಲಿ. ಮಂಗಳಾರತಿ ತಟ್ಟೆ ಅವರ ಮುಂದೆಯೂ ಅಷ್ಟೇ ಹತ್ತಿರಕ್ಕೆ ಬರಲಿ. ಊಟಕ್ಕೆ ಅದೇ ಪಂಕ್ತಿ, ಅದೇ ಸಾಲು. ಕೊನೆಯ ಪಂಕ್ತಿಗೆ ಕಾಯಿಸುವುದನ್ನು ಪಂಕ್ತಿಭೋಜನ ಅನ್ನುವುದಿಲ್ಲ.

ಈ ಸಲ ಬಾರಿಸುವುದಿಲ್ಲ ಎಂದು ಅವರು ಹೇಳಿದರೆ ಆ ಮಾತನ್ನು ಅಲ್ಲಿಗೇ ಬಿಡಿ. ತಮಟೆ ಹೊಡೆಯಲಿಲ್ಲವೆಂದು ಅಂಗಡಿಯ ಸಾಮಾನು, ಕೂಲಿ ಕೆಲಸ, ನೀರು ನಿಲ್ಲಿಸಿ ಬಹಿಷ್ಕಾರ ಹಾಕುವುದು ಅಪರಾಧ. ದೇವಸ್ಥಾನಕ್ಕೆ ಬರುವವರನ್ನು ಜಾತಿಯ ಮೇಲೆ ತಡೆಯುವುದೂ ಅಪರಾಧ: 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ಎರಡೂ ಇದನ್ನು ಹೇಳುತ್ತವೆ. ತಡೆದರೆ ತಹಶೀಲ್ದಾರರ ಕಚೇರಿಗೆ, ಪೊಲೀಸ್ ಠಾಣೆಗೆ ಹೋಗಿ, ಇಲ್ಲವೇ 14566ಕ್ಕೆ ಫೋನ್ ಮಾಡಿ. ಫೋನ್ ಮಾಡುವವರು ಕಾಲೋನಿಯವರೇ ಆಗಬೇಕೆಂದಿಲ್ಲ. ಸಮಿತಿಯ ಒಬ್ಬ ಸದಸ್ಯರೇ ಮಾಡಿದರೆ ಕೆಲಸ ಬೇಗ ಆಗುತ್ತದೆ.